ಕಾರ್ಡಿನ ಮೇಲಿನ ಗೀಟು ಯಾರು ಎಳೆದದ್ದು?

ನಮ್ಮ ಅಕ್ಕನ ಮಗ ಲಾರಿ ಓಡಿಸುತ್ತಾನೆ. ಮಹಾಲಿಂಗಪುರದಲ್ಲಿ ಲೋಡ್ ಎತ್ತಿಕೊಂಡು ಹೊರಟರೆ ವಾಪಸ್ ಬರುವುದು ಹದಿನೈದು ದಿನಕ್ಕೋ ಇಪ್ಪತ್ತು ದಿನಕ್ಕೋ. ಒಂದು ಮಳೆಗಾಲದಲ್ಲಿ ಛತ್ತೀಸ್‌ಗಢದ ಕಡೆ ಹೋಗಿ ಬಂದವನಿಗೆ ಚಳಿಜ್ವರ ಹಿಡಿಯಿತು. ಮೂರು ಕೌದಿ ಹೊದಿಸಿದರೂ ನಡುಕ ನಿಲ್ಲಲಿಲ್ಲ. ಊರಿನ ಆಶಾ ಅಕ್ಕ ಬಂದು ಬೆರಳಿಗೆ ಚುಚ್ಚಿ, ಒಂದು ಹನಿ ರಕ್ತ ತೆಗೆದು ಕಾರ್ಡಿಗೆ ಹಾಕಿದರು. ಇಪ್ಪತ್ತು ನಿಮಿಷಕ್ಕೆ ಎರಡು ಗೀಟು ಮೂಡಿದವು. ಒಂದು ಟೆಸ್ಟ್ ಸರಿಯಾಗಿ ನಡೆದದ್ದಕ್ಕೆ, ಇನ್ನೊಂದು ರೋಗಕ್ಕೆ. ಫಾಲ್ಸಿಪ್ಯಾರಂ ಮಲೇರಿಯಾ. ಮೂರು ದಿನದ ಮಾತ್ರೆ ಕೊಟ್ಟರು, ಕಣ್ಣೆದುರೇ ನುಂಗಿಸಿದರು. ನಾಲ್ಕನೇ ದಿನ ಹುಡುಗ ಎದ್ದು ಕೂತು ರೊಟ್ಟಿ ಕೇಳಿದ.

ಅಲ್ಲಿಗೆ ಮುಗೀಬೇಕಿತ್ತು. ಮೂರು ವಾರ ಬಿಟ್ಟು ಮತ್ತೆ ಜ್ವರ ಬಂತು. ಈ ಸಲ ಮೂಗು ಸೋರುತ್ತಿತ್ತು, ಗಂಟಲು ಕೆರೆಯುತ್ತಿತ್ತು. ಮನೆಯಲ್ಲಿ ಅರ್ಧ ಜನಕ್ಕೆ ಅದೇ ನೆಗಡಿ. ಆದರೂ ಒಮ್ಮೆ ನಡುಗಿದವನಿಗೆ ಭಯ ಇರುತ್ತೆ ಅಲ್ವಾ, ಪೇಟೆಯ ಒಂದು ಖಾಸಗಿ ದವಾಖಾನೆಗೆ ಹೋದ. ಅಲ್ಲೂ ಕಾರ್ಡ್ ಟೆಸ್ಟ್. ಮತ್ತೆ ಎರಡು ಗೀಟು. "ಮಾಮಾ, ಮತ್ತ ಬಂದೈತಿ" ಅಂತ ಫೋನ್ ಮಾಡಿದ. ಒಂದು ರಾತ್ರಿ ಅಡ್ಮಿಟ್ ಮಾಡಿಕೊಂಡರು. ಸಲೈನ್, ಇಂಜೆಕ್ಷನ್, ಕೊನೆಗೆ ಉದ್ದದ ಬಿಲ್ಲು. ಮರುದಿನ ನಾನೇ ಅವನನ್ನು ಸರ್ಕಾರಿ ಆಸ್ಪತ್ರೆಯ ಲ್ಯಾಬಿಗೆ ಕರೆದುಕೊಂಡು ಹೋದೆ. ಅಲ್ಲಿನ ಟೆಕ್ನಿಷಿಯನ್ ಗಾಜಿನ ಸ್ಲೈಡಿಗೆ ರಕ್ತ ಹಚ್ಚಿ, ಒಣಗಿಸಿ, ಬಣ್ಣ ಹಾಕಿ, ಲೆನ್ಸಿಗೆ ಎಣ್ಣೆ ಹನಿಸಿ ಬಹಳ ಹೊತ್ತು ನೋಡಿದರು. ಆಮೇಲೆ ತಲೆ ಎತ್ತಿದರು.

"ಹುಳ ಇಲ್ರಿ ಸರ್. ಹಳೇ ಬಾಕಿ ಅಷ್ಟ. ಹುಳ ಸತ್ತ ಹೋಗ್ಯಾವು, ಅವು ಕಳಿಸಿದ್ದು ಇನ್ನಾ ರಕ್ತದಾಗ ಐತಿ."

ಅವರು ಬೇರೆ ಕೆಲಸಕ್ಕೆ ತಿರುಗಿದರು. ನನಗೆ ಮಾತ್ರ "ಅವು ಕಳಿಸಿದ್ದು" ಅನ್ನುವ ಮಾತು ತಲೆಯಲ್ಲಿ ಕೂತುಬಿಟ್ಟಿತು. ಕೆಂಪು ರಕ್ತಕಣದೊಳಗೆ ಕೂತ ಹುಳ ಏನನ್ನು ಕಳಿಸುತ್ತೆ? ಯಾರಿಗೆ? ಯಾವ ದಾರಿಯಲ್ಲಿ?

ಮೊದಲು ಆ ಕಾರ್ಡಿನ ವಿಷಯ ಹೇಳಿಬಿಡುತ್ತೇನೆ. ಕಾರ್ಡ್ ರೋಗಾಣುವನ್ನು ನೋಡುವುದೇ ಇಲ್ಲ. ಫಾಲ್ಸಿಪ್ಯಾರಂ ರೋಗಾಣು ತಯಾರಿಸುವ ಎಚ್‌ಆರ್‌ಪಿ-2 ಅನ್ನುವ ಒಂದು ಪ್ರೋಟೀನನ್ನು ಹುಡುಕುತ್ತೆ. ರೋಗಾಣು ಈ ಪ್ರೋಟೀನನ್ನು ತನ್ನ ಮೈಯಿಂದ ರಕ್ತಕಣದೊಳಕ್ಕೆ ಸಾಗಿಸುತ್ತೆ. ಅಲ್ಲಿಂದ ಅದು ರಕ್ತದ ನೀರಿಗೂ ಸೇರಿಕೊಳ್ಳುತ್ತೆ. ಕಾರ್ಡಿನ ಪಟ್ಟಿಯ ಮೇಲೆ ಈ ಪ್ರೋಟೀನನ್ನು ಹಿಡಿಯುವ ಪ್ರತಿಕಾಯಗಳನ್ನು ಒಂದು ಗೆರೆಯಲ್ಲಿ ಸವರಿರುತ್ತಾರೆ. ಗೀಟಿನ ಕೆಂಪು ರಕ್ತದ್ದು ಅಂತ ನಾನು ಅಂದುಕೊಂಡಿದ್ದೆ. ಅಲ್ಲ, ಅದು ಚಿನ್ನದ್ದು! ತುಂಬಾ ಸಣ್ಣಗೆ ಪುಡಿಯಾದ ಚಿನ್ನ ಹಳದಿಯಾಗಿ ಕಾಣದೆ ಕೆಂಪಗೆ ಕಾಣುತ್ತೆ. ಆ ಚಿನ್ನದ ಕಣಗಳು ಪ್ರೋಟೀನಿಗೆ ಅಂಟಿಕೊಂಡು ಗೆರೆಯ ಮೇಲೆ ಸಾಲಾಗಿ ನಿಂತಾಗ ನಮಗೆ ಗೀಟು ಕಾಣುತ್ತೆ. ರೋಗಾಣು ಸತ್ತ ಮೇಲೂ ಎಚ್‌ಆರ್‌ಪಿ-2 ವಾರಗಟ್ಟಲೆ ರಕ್ತದಲ್ಲಿ ಉಳಿಯುತ್ತೆ. ಒಂದು ತಿಂಗಳು ದಾಟಿದರೂ ಆಶ್ಚರ್ಯವಿಲ್ಲ. ಅಕ್ಕನ ಮಗನಿಗೆ ಎರಡನೇ ಸಲ ಬಂದ ಗೀಟಿನ ಗುಟ್ಟು ಇಷ್ಟೇ. ಅದಕ್ಕೇ ಔಷಧಿ ಮುಗಿದ ಮೇಲೆ ವಾಸಿಯಾಯಿತೋ ಇಲ್ಲವೋ ನೋಡಲು ಈ ಕಾರ್ಡ್ ಬಳಸಬಾರದು, ಸ್ಲೈಡೇ ನೋಡಬೇಕು. ಪೇಟೆಯ ದವಾಖಾನೆಯವರು ಒಂದು ಪ್ರಶ್ನೆ ಕೇಳಿದ್ದರೂ ಸಾಕಿತ್ತು: ಹಿಂದಿನ ತಿಂಗಳು ಮಲೇರಿಯಾ ಆಗಿತ್ತಾ?

ಈಗ ಸಾಗಣೆಯ ಕಥೆ.

ಕೆಂಪು ರಕ್ತಕಣದ ಒಳಗನ್ನು ನೆನೆಸಿಕೊಂಡರೆ ನನಗೆ ಬಾಗಲಕೋಟೆಯ ಮುಳುಗಡೆ ಮನೆಗಳು ಕಣ್ಣಿಗೆ ಬರುತ್ತವೆ. ಆಲಮಟ್ಟಿಯ ಹಿನ್ನೀರು ಏರುವ ಮೊದಲು ಜನ ಕಿಟಕಿ, ಬಾಗಿಲು, ಚೌಕಟ್ಟು, ತೊಲೆ ಎಲ್ಲ ಕಿತ್ತುಕೊಂಡು ನವನಗರದ ಕಡೆ ಹೋದರು. ನಿಂತಿದ್ದು ಬರೀ ಗೋಡೆ. ಕೆಂಪು ರಕ್ತಕಣವೂ ಮೂಳೆಯ ಮಜ್ಜೆಯಲ್ಲಿ ಬೆಳೆಯುವಾಗ ಹೀಗೇ ತನ್ನ ಸಾಮಾನು ಖಾಲಿ ಮಾಡುತ್ತೆ. ನ್ಯೂಕ್ಲಿಯಸ್ ಹೊರಗೆ ಎಸೆಯುತ್ತೆ. ಪ್ರೋಟೀನ್ ತಯಾರಿಸುವ, ಕಟ್ಟುವ, ಸಾಗಿಸುವ ಯಂತ್ರಗಳನ್ನೂ ಕಳೆದುಕೊಳ್ಳುತ್ತೆ. ಉಳಿದ ಜಾಗದ ತುಂಬ ಹಿಮೋಗ್ಲೋಬಿನ್. ಒಂದೊಂದು ಕಣದಲ್ಲೂ ಸುಮಾರು 27 ಕೋಟಿ ಹಿಮೋಗ್ಲೋಬಿನ್ ಅಣುಗಳು. ಆಮ್ಲಜನಕ ಹೊರುವ ಈ ಚೀಲ 120 ದಿನ ಮೈಯೆಲ್ಲ ಸುತ್ತಿ ಸಾಯುತ್ತೆ.

ರೋಗಾಣುವಿಗೆ ಇದು ಒಳ್ಳೇ ಅಡಗುತಾಣ. ಬೇರೆ ಜೀವಕೋಶಗಳು ತಮ್ಮೊಳಗೆ ಕಳ್ಳ ಹೊಕ್ಕರೆ ಅವನ ತುಣುಕೊಂದನ್ನು ಹೊರಮೈ ಮೇಲೆ ಹಿಡಿದು ತೋರಿಸಿ ದೇಹದ ಕಾವಲುಗಾರರನ್ನು ಕರೆಯುತ್ತವೆ. ಕೆಂಪು ರಕ್ತಕಣಕ್ಕೆ ಆ ಏರ್ಪಾಡೇ ಇಲ್ಲ. ಆದರೆ ಖಾಲಿ ಮನೆಯಲ್ಲಿ ಸಂಸಾರ ಹೂಡುವುದು ಸುಲಭವಲ್ಲ. ವೈರಸ್ ಆಗಿದ್ದರೆ ಹೊಕ್ಕ ಮನೆಯ ಯಂತ್ರಗಳನ್ನೇ ಓಡಿಸಿಕೊಂಡು ಬದುಕುತ್ತಿತ್ತು. ಇಲ್ಲಿ ಓಡಿಸಲು ಏನೂ ಇಲ್ಲ. ರಸ್ತೆಯಿಂದ ಹಿಡಿದು ಬಾಗಿಲ ತನಕ ಎಲ್ಲ ರೋಗಾಣುವೇ ಕಟ್ಟಿಕೊಳ್ಳಬೇಕು.

ಯಾಕೆ ಕಟ್ಟಬೇಕು, ಸುಮ್ನೆ ಹಿಮೋಗ್ಲೋಬಿನ್ ತಿಂದುಕೊಂಡು ಇರಬಾರದಾ ಅಂತ ಕೇಳಬಹುದು. ತಿನ್ನುತ್ತೆ, ಹೊಟ್ಟೆಬಾಕನ ಹಾಗೆ ತಿನ್ನುತ್ತೆ. ಆದರೆ ಊಟದಲ್ಲಿ ಒಂದು ಕೊರತೆ ಇದೆ. ದೊಡ್ಡವರ ಹಿಮೋಗ್ಲೋಬಿನ್‌ನಲ್ಲಿ ಐಸೊಲ್ಯೂಸಿನ್ ಅನ್ನುವ ಅಮೈನೊ ಆಮ್ಲ ಇಲ್ಲವೇ ಇಲ್ಲ. ಅದಿಲ್ಲದೆ ರೋಗಾಣು ತನ್ನ ಪ್ರೋಟೀನ್ ಕಟ್ಟಿಕೊಳ್ಳಲಾರದು. ಅದನ್ನು ಹೊರಗಿನ ರಕ್ತದಿಂದಲೇ ತರಿಸಬೇಕು. ಅದಕ್ಕೆ ರಕ್ತಕಣದ ಹೊರಪೊರೆಗೆ ಹೊಸ ಕಿಂಡಿಗಳನ್ನು ಕೊರೆಯುತ್ತೆ.

ಇನ್ನೊಂದು ಕಾರಣ ಗುಲ್ಮ. ಹೊಟ್ಟೆಯ ಎಡಬದಿಯಲ್ಲಿರುವ ಈ ಅಂಗ ರಕ್ತದ ಜರಡಿ. ಮೆತ್ತಗೆ ಬಳುಕುವ ಕಣಗಳು ಅದರ ಸಂದಿಯಲ್ಲಿ ನುಸುಳಿ ಮುಂದೆ ಹೋಗುತ್ತವೆ. ಗಡಸಾದವು ಸಿಕ್ಕಿಬೀಳುತ್ತವೆ. ಮಲೇರಿಯಾ ರೋಗಿಯ ಗುಲ್ಮ ಊದಿಕೊಳ್ಳುವುದು ಈ ಜರಡಿ ಕೆಲಸ ವಿಪರೀತ ಆಗುವುದರಿಂದಲೂ ಹೌದು. ಒಳಗೆ ರೋಗಾಣು ಬೆಳೆದ ಹಾಗೆ ರಕ್ತಕಣ ಗಡಸಾಗುತ್ತೆ. ಜರಡಿಗೆ ಸಿಗದೆ ಉಳಿಯಬೇಕಾದರೆ ಅಲ್ಲಿಗೆ ಹೋಗುವುದನ್ನೇ ತಪ್ಪಿಸಬೇಕು. ಫಾಲ್ಸಿಪ್ಯಾರಂ ಕಂಡುಕೊಂಡ ಉಪಾಯ ರಕ್ತನಾಳದ ಗೋಡೆಗೆ ಗಟ್ಟಿಯಾಗಿ ಅಂಟಿಕೊಂಡು ಕೂರುವುದು. ಅಂಟು ಬೇಕಿರುವುದು ರಕ್ತಕಣದ ಹೊರಮೈ ಮೇಲೆ. ಅದನ್ನು ತಯಾರಿಸುವ ರೋಗಾಣು ಇರುವುದು ಒಳಗೆ.

ಮಧ್ಯೆ ಗೋಡೆಗಳ ಮೇಲೆ ಗೋಡೆ. ರೋಗಾಣುವಿನ ಸ್ವಂತ ಪೊರೆ ಒಂದು. ರಕ್ತಕಣಕ್ಕೆ ನುಗ್ಗುವಾಗ ಅದು ತನ್ನ ಸುತ್ತ ಒಂದು ಚೀಲ ಸುತ್ತಿಕೊಂಡಿರುತ್ತೆ, ಆ ಚೀಲದ ಪೊರೆ ಇನ್ನೊಂದು. ಅದರಾಚೆ ಹಿಮೋಗ್ಲೋಬಿನ್ ತುಂಬಿದ ಬಯಲು. ಕೊನೆಗೆ ರಕ್ತಕಣದ ಹೊರಪೊರೆ. ಫಾಲ್ಸಿಪ್ಯಾರಂ ರೋಗಾಣುವಿಗೆ 5,000ಕ್ಕೂ ಹೆಚ್ಚು ಜೀನ್‌ಗಳಿವೆ. ಅವು ತಯಾರಿಸುವ ಪ್ರೋಟೀನ್‌ಗಳಲ್ಲಿ ಹತ್ತಿರ ಹತ್ತಿರ ಹತ್ತರಲ್ಲೊಂದು ಪಾಲು ರಕ್ತಕಣದೊಳಕ್ಕೆ ರಫ್ತಾಗುತ್ತವೆ. ಒಂದೇ ಜೀವಕೋಶದ ಪ್ರಾಣಿಗೆ ಇದು ಸಣ್ಣ ಖರ್ಚಲ್ಲ.

ಯಾವುದು ಮನೆಯಲ್ಲಿ ಉಳಿಯಬೇಕು, ಯಾವುದು ಹೊರಗೆ ಹೋಗಬೇಕು ಅಂತ ಹೇಗೆ ಗೊತ್ತಾಗುತ್ತೆ? ಎಪಿಎಂಸಿಯಲ್ಲಿ ಚೀಲಗಳ ಮೇಲೆ ಗುರುತು ಹಾಕುವುದನ್ನು ನೋಡಿರುತ್ತೀರಿ. ಹಮಾಲರು ಚೀಲ ಬಿಚ್ಚಿ ನೋಡುವುದಿಲ್ಲ, ಗುರುತು ನೋಡಿ ಲಾರಿಗೆ ಏರಿಸುತ್ತಾರೆ. ಇಲ್ಲೂ ಅಂಥದ್ದೇ ಗುರುತಿದೆ. 2004ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಅದನ್ನು ಪತ್ತೆ ಮಾಡಿದವು. ಒಂದು ಆಸ್ಟ್ರೇಲಿಯಾದ ಮೆಲ್ಬರ್ನ್‌ನದು, ಇನ್ನೊಂದು ಅಮೆರಿಕದಲ್ಲಿ ಕಸ್ತೂರಿ ಹಲ್ದಾರ್ ಅವರ ತಂಡ. ರಫ್ತಾಗುವ ಪ್ರೋಟೀನ್‌ಗಳ ಆರಂಭದ ಭಾಗದಲ್ಲಿ ಐದು ಅಮೈನೊ ಆಮ್ಲಗಳ ಒಂದು ಸಾಲು ಮತ್ತೆ ಮತ್ತೆ ಕಾಣುತ್ತಿತ್ತು. ಐದರಲ್ಲಿ ಮೊದಲನೆಯದು, ಮೂರನೆಯದು, ಐದನೆಯದು ಮುಖ್ಯ. ನಡುವಿನ ಎರಡು ಯಾವುದಿದ್ದರೂ ನಡೆಯುತ್ತೆ. ಮೆಲ್ಬರ್ನ್‌ನವರು ಇದಕ್ಕೆ ಪೆಕ್ಸೆಲ್ ಅಂತ ಹೆಸರಿಟ್ಟರು.

ಸ್ವಾರಸ್ಯ ಏನೆಂದರೆ ಗುರುತು ಕೊನೆಯವರೆಗೂ ಉಳಿಯುವುದಿಲ್ಲ. ಟೂರಿಂಗ್ ಟಾಕೀಸಿನ ಬಾಗಿಲಲ್ಲಿ ಟಿಕೆಟ್ ಅರ್ಧ ಹರಿದು ಒಳಗೆ ಬಿಡುತ್ತಿದ್ದರಲ್ಲ, ಹಾಗೆ ರೋಗಾಣುವಿನ ಒಳಗೇ ಒಂದು ಕತ್ತರಿ ಈ ಸಾಲನ್ನು ಮೂರನೆಯ ಅಮೈನೊ ಆಮ್ಲದ ನಂತರ ಕತ್ತರಿಸುತ್ತೆ. ಕತ್ತರಿಯ ಹೆಸರು ಪ್ಲಾಸ್ಮೆಪ್ಸಿನ್-5. ಈ ಕೆಲಸ ಅದರದ್ದೇ ಅಂತ ಖಚಿತವಾಗಿದ್ದು 2010ರಲ್ಲಿ. ಗುರುತೇ ಇಲ್ಲದೆ ಹೊರಗೆ ಹೋಗುವ ಪ್ರೋಟೀನ್‌ಗಳೂ ಇವೆ. ಟಿಕೆಟ್ ಇಲ್ಲದವರು ಯಾವ ಊರಲ್ಲಿ ಇರಲ್ಲ ಹೇಳಿ.

ಗುರುತು ಇದ್ದರೂ ಇಲ್ಲದಿದ್ದರೂ ಚೀಲದ ಪೊರೆಯನ್ನು ದಾಟಲು ಬಾಗಿಲು ಬೇಕು. ನನಗೆ ಇಡೀ ಕಥೆಯಲ್ಲಿ ತುಂಬಾ ಇಷ್ಟವಾದ ಭಾಗ ಈ ಬಾಗಿಲು. 2009ರಲ್ಲಿ ಆಸ್ಟ್ರೇಲಿಯಾದ ತಂಡವೊಂದು ಇದನ್ನು ಕಂಡುಹಿಡಿದು ಪಿಟೆಕ್ಸ್ ಅಂತ ಕರೆಯಿತು. ಮುಖ್ಯವಾಗಿ ಮೂರು ಪ್ರೋಟೀನ್‌ಗಳಿಂದ ಆದ ಯಂತ್ರ ಇದು. ಪೊರೆಯಲ್ಲಿ ನೆಟ್ಟ ಕೊಳವೆ ಎಕ್ಸ್‌ಪಿ-2. ಅದಕ್ಕೆ ಕೂತ ಮೋಟಾರು ಎಚ್‌ಎಸ್‌ಪಿ-101. ಎರಡನ್ನೂ ಜೋಡಿಸುವ ನಡುವಿನ ತುಂಡು ಪಿಟೆಕ್ಸ್-150. ಹೊಸ ರಕ್ತಕಣಕ್ಕೆ ನುಗ್ಗುವ ರೋಗಾಣು ಇವುಗಳನ್ನು ಗಂಟು ಕಟ್ಟಿಕೊಂಡೇ ಬರುತ್ತೆ. ಹೊಕ್ಕ ಸ್ವಲ್ಪ ಹೊತ್ತಿಗೇ ಬಾಗಿಲು ಕೂರಿಸುವ ಕೆಲಸ ಶುರು.

ಕೊಳವೆ ತುಂಬಾ ಕಿರಿದು. ಮಡಚಿ ಉಂಡೆಯಾದ ಪ್ರೋಟೀನ್ ಅದರಲ್ಲಿ ತೂರುವುದಿಲ್ಲ. ನಮ್ಮವ್ವ ಕೌದಿ ಹೊಲಿಯುವಾಗ ದಾರದ ತುದಿಯನ್ನು ತುಟಿಗೆ ಒತ್ತಿ ತೇವ ಮಾಡಿ, ಎರಡು ಬೆರಳಲ್ಲಿ ಹೊಸೆದು, ನೆಟ್ಟಗೆ ಮಾಡಿ ಸೂಜಿ ಕಣ್ಣಿಗೆ ಏರಿಸುತ್ತಿದ್ದಳು. ಎಳೆಯುತ್ತಾ ಹೋದ ಹಾಗೆ ದಾರ ಬರುತ್ತಿತ್ತು. ನಡುವೆ ಒಂದು ಗಂಟು ಬಂದರೆ ಅಲ್ಲೇ ನಿಂತಿತು. ಎಚ್‌ಎಸ್‌ಪಿ-101 ಮಾಡುವುದು ಇದೇ ಕೆಲಸ. ಪ್ರೋಟೀನಿನ ಮಡಿಕೆ ಬಿಚ್ಚಿ, ದಾರದ ಹಾಗೆ ನೇರ ಮಾಡಿ, ಕೊಳವೆಯಲ್ಲಿ ಸ್ವಲ್ಪ ಸ್ವಲ್ಪವೇ ತಳ್ಳುತ್ತೆ. ಅದಕ್ಕೆ ಬೇಕಾದ ಶಕ್ತಿ ಜೀವಕೋಶದ ಇಂಧನವಾದ ಎಟಿಪಿಯಿಂದ ಬರುತ್ತೆ.

ಬಿಚ್ಚಿಕೊಂಡೇ ಹೋಗಬೇಕು ಅಂತ ಗೊತ್ತಾಗಿದ್ದು ಗಂಟಿನ ಪ್ರಯೋಗದಿಂದಲೇ. ಸಂಶೋಧಕರು ರಫ್ತಾಗುವ ಪ್ರೋಟೀನಿಗೆ ಬಾಲದ ಹಾಗೆ ಇನ್ನೊಂದು ಪ್ರೋಟೀನನ್ನು ಜೋಡಿಸಿದರು. ಈ ಬಾಲ ಸಾಮಾನ್ಯವಾಗಿ ಸುಲಭವಾಗಿ ಬಿಚ್ಚಿಕೊಳ್ಳುತ್ತೆ. ಒಂದು ಔಷಧಿ ಹಾಕಿದರೆ ಮಾತ್ರ ಬಿಗಿಯಾಗಿ ಮಡಚಿಕೊಂಡು ಬಿಡುತ್ತೆ. ಔಷಧಿ ಇಲ್ಲದಾಗ ಸರಕು ರಕ್ತಕಣದೊಳಕ್ಕೆ ಹೋಯಿತು. ಔಷಧಿ ಹಾಕಿದಾಗ ಚೀಲದಲ್ಲೇ ಸಿಕ್ಕಿಕೊಂಡಿತು. ದಾರಕ್ಕೆ ಗಂಟು ಬಿದ್ದ ಹಾಗೆ.

2014ರಲ್ಲಿ ಮತ್ತೆ ಎರಡು ತಂಡಗಳು ಒಟ್ಟಿಗೇ ಇನ್ನೊಂದು ಸಂಗತಿ ತೋರಿಸಿದವು. ಈ ಬಾಗಿಲಿನ ಒಂದು ಭಾಗವನ್ನು ಕೆಲಸ ಮಾಡದ ಹಾಗೆ ಮಾಡಿದರೆ ಒಂದೆರಡಲ್ಲ, ಎಲ್ಲ ಬಗೆಯ ಸರಕಿನ ಸಾಗಣೆ ನಿಲ್ಲುತ್ತೆ. ಗುರುತು ಇದ್ದದ್ದೂ ಇಲ್ಲದ್ದೂ ಒಳಗೇ ರಾಶಿ ಬಿದ್ದಿತು. ರೋಗಾಣು ಬೆಳೆಯದೆ ಸತ್ತಿತು. ಅಂದರೆ ಊರಿಗೆಲ್ಲ ಒಂದೇ ಸೇತುವೆ. 2018ರಲ್ಲಿ ಈ ಯಂತ್ರವನ್ನು ರೋಗಾಣುವಿನಿಂದಲೇ ನೇರ ತೆಗೆದು, ಹೆಪ್ಪುಗಟ್ಟಿಸಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅದರ ಆಕಾರ ನೋಡಿದರು. ಕೊಳವೆಯಲ್ಲಿ ಏಳು ತುಂಡು, ಮೋಟಾರಿನಲ್ಲಿ ಆರು. ಮೋಟಾರಿನ ನಡುವಿನ ತೂತಿನಲ್ಲಿ, ಅರ್ಧ ದಾರಿಯಲ್ಲಿ, ಒಂದು ಪ್ರೋಟೀನಿನ ಎಳೆ ಹಾಗೇ ನಿಂತಿತ್ತು. ಸೂಜಿ ಕಣ್ಣಲ್ಲಿ ದಾರ ಇದ್ದಾಗಲೇ ಫೋಟೋ ಸಿಕ್ಕಿತು ಅನ್ನಿ.

ಚೀಲ ದಾಟಿದ ಮೇಲಿನ ದಾರಿ ಇಷ್ಟು ಸ್ಪಷ್ಟವಿಲ್ಲ. ರಕ್ತಕಣದ ಬಯಲಿನಲ್ಲಿ ರೋಗಾಣು ಚಪ್ಪಟೆ ಪೊರೆಚೀಲಗಳನ್ನು ಹರಡಿ ಇಡುತ್ತೆ. ಸಾಮಾನು ಇಳಿಸಿ, ವಿಂಗಡಿಸಿ, ಮುಂದೆ ಕಳಿಸುವ ತಂಗುದಾಣಗಳ ಹಾಗೆ. ಜರ್ಮನ್ ವೈದ್ಯ ಮೌರರ್ 1902ರಲ್ಲಿ ಬಣ್ಣ ಹಾಕಿದ ರಕ್ತದಲ್ಲಿ ಇವನ್ನು ಸಣ್ಣ ಚುಕ್ಕೆ, ಸೀಳುಗಳಾಗಿ ಕಂಡಿದ್ದರು. ಏನು, ಯಾಕೆ ಅಂತ ತಿಳಿಯಲು ಸುಮಾರು ನೂರು ವರ್ಷ ಬೇಕಾಯಿತು. ಮೊದಮೊದಲು ಈ ಚೀಲಗಳು ರಕ್ತಕಣದಲ್ಲಿ ತೇಲಾಡುತ್ತವೆ, ಆಮೇಲೆ ಗೂಟಕ್ಕೆ ಕಟ್ಟಿದ ಹಾಗೆ ಹೊರಪೊರೆಯ ಹತ್ತಿರ ನಿಲ್ಲುತ್ತವೆ. ಅವುಗಳಿಂದ ಹೊರಪೊರೆಗೆ ಹಗ್ಗ ಎಳೆಯಲು ರೋಗಾಣು ರಕ್ತಕಣದ ಅಸ್ಥಿಪಂಜರದಿಂದಲೇ ಆಕ್ಟಿನ್ ಅನ್ನುವ ಎಳೆಯನ್ನು ಕಿತ್ತು ಬಳಸುತ್ತೆ. ಬಾಡಿಗೆ ಮನೆಯ ತೊಲೆ ಕಿತ್ತು ಅಟ್ಟ ಕಟ್ಟಿಕೊಂಡ ಹಾಗೆ.

ಇಲ್ಲಿ ಒಂದು ಚಿಕ್ಕ ತಿರುವು. ಕೆಂಪು ಕಣ ಕುಡುಗೋಲಿನ ಹಾಗೆ ಬಾಗುವ ಕುಡುಗೋಲು ಕಣ (ಸಿಕಲ್ ಸೆಲ್) ರೋಗದ ಜೀನ್ ತಂದೆ ತಾಯಿ ಇಬ್ಬರಲ್ಲಿ ಒಬ್ಬರಿಂದ ಮಾತ್ರ ಬಂದಿರುವವರಿಗೆ ತೀವ್ರ ಮಲೇರಿಯಾ ಕಡಿಮೆ ಅನ್ನುವುದು ಬಹಳ ಹಿಂದೆಯೇ ಗೊತ್ತಿತ್ತು. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಕುಡುಗೋಲು ಹಿಮೋಗ್ಲೋಬಿನ್ ಇರುವ ಕಣಗಳಲ್ಲಿ ಈ ಆಕ್ಟಿನ್ ಹಗ್ಗಗಳು ಸರಿಯಾಗಿ ಹೊಸೆದುಕೊಳ್ಳುವುದಿಲ್ಲ ಅಂತ ತೋರಿಸಿತು. ತಂಗುದಾಣಗಳೂ ಅಸ್ತವ್ಯಸ್ತ. ರಕ್ಷಣೆಗೆ ಬೇರೆ ಕಾರಣಗಳೂ ಇವೆ. ಆದರೆ ಒಂದು ಕಾರಣ ಕೆಟ್ಟ ರಸ್ತೆ.

ತಂಗುದಾಣದಿಂದ ಹೊರಟ ಸರಕಿನಲ್ಲಿ ಮುಖ್ಯವಾದದ್ದು ಪಿಎಫ್‌ಇಎಂಪಿ-1. ಇದೇ ಆ ಅಂಟು. ಇನ್ನೊಂದು ರಫ್ತಿನ ಪ್ರೋಟೀನ್ ರಕ್ತಕಣದ ಪೊರೆಯ ಕೆಳಗೆ ಕೂತು ಸಣ್ಣ ಸಣ್ಣ ಗುಬುಟು ಎಬ್ಬಿಸುತ್ತೆ. ಆ ಗುಬುಟಿನ ತುದಿಯಲ್ಲಿ ಅಂಟು ನಿಲ್ಲುತ್ತೆ. ಗುಬುಟು ಇಲ್ಲದಿದ್ದರೆ ಹರಿಯುವ ರಕ್ತದ ರಭಸಕ್ಕೆ ಹಿಡಿತ ಸಡಿಲ. ರೋಗಾಣು ಹೊಕ್ಕು ಹದಿನಾರರಿಂದ ಇಪ್ಪತ್ತು ಗಂಟೆಯಾಗುವ ಹೊತ್ತಿಗೆ ಅಂಟು ಹೊರಗೆ ಕಾಣತೊಡಗುತ್ತೆ. ಆಮೇಲೆ ಆ ರಕ್ತಕಣ ಹರಿದಾಡುವುದನ್ನು ಬಿಟ್ಟು ಮೆದುಳಿನಲ್ಲೋ, ಬೇರೆ ಅಂಗದಲ್ಲೋ, ಸಣ್ಣ ನಾಳದ ಗೋಡೆ ಹಿಡಿದು ಕೂರುತ್ತೆ. 48 ಗಂಟೆಗೆ ಸೈಕಲ್ ಮುಗಿದು ಕಣ ಒಡೆದಾಗ ಇಪ್ಪತ್ತರ ಆಸುಪಾಸು ಹೊಸ ರೋಗಾಣುಗಳು ಹೊರಬರುತ್ತವೆ. ದಿನ ಬಿಟ್ಟು ದಿನದ ನಡುಕಕ್ಕೆ ಈ ಲೆಕ್ಕವೇ ಕಾರಣ.

ಮೆದುಳಿನ ನಾಳಗಳು ಹೀಗೆ ಕಟ್ಟಿಕೊಂಡರೆ ರೋಗಿಗೆ ಪ್ರಜ್ಞೆ ತಪ್ಪುತ್ತೆ. ಬಸುರಿಯರಲ್ಲಿ ಇದೇ ಅಂಟಿನ ಒಂದು ನಮೂನೆ ಗರ್ಭದ ಮಾಸಿಗೆ ಹಿಡಿದುಕೊಳ್ಳುತ್ತೆ. ಮಗು ಕಡಿಮೆ ತೂಕದ್ದಾಗುತ್ತೆ, ಕೆಲವೊಮ್ಮೆ ಉಳಿಯುವುದೇ ಇಲ್ಲ. ದೇಹ ಅಂಟಿನ ಗುರುತು ಹಿಡಿಯುವುದಿಲ್ಲವಾ? ಹಿಡಿಯುತ್ತೆ. ಆದರೆ ರೋಗಾಣುವಿನ ಪೆಟ್ಟಿಗೆಯಲ್ಲಿ ಸುಮಾರು 60 ವೇಷಗಳಿವೆ. ಬಯಲಾಟದಲ್ಲಿ ಒಬ್ಬನೇ ಕಲಾವಿದ ಚೌಕಿಗೆ ಹೋಗಿ ವೇಷ ಬದಲಿಸಿ ಬಂದ ಹಾಗೆ, ಒಂದು ಹೊತ್ತಿಗೆ ಒಂದೇ ವೇಷ. ದೇಹ ಅದನ್ನು ಗುರುತು ಹಿಡಿಯುವಷ್ಟರಲ್ಲಿ ಇನ್ನೊಂದು ವೇಷ ತೊಟ್ಟವು ತಲೆ ಎತ್ತಿರುತ್ತವೆ.

ಲ್ಯಾಬಿನಲ್ಲಿ ನಾನು ಸುಮ್ಮನೆ ಕೂತಿದ್ದು ನೋಡಿ ಟೆಕ್ನಿಷಿಯನ್ ಹಳೆಯ ಎರಡು ಸ್ಲೈಡ್ ತೋರಿಸಿದರು. ಒಂದರಲ್ಲಿ ಫಾಲ್ಸಿಪ್ಯಾರಂ. ಕೆಂಪು ಕಣದೊಳಗೆ ತೆಳ್ಳನೆಯ ಉಂಗುರ, ಅದಕ್ಕೊಂದು ಕಲ್ಲು ಕೂರಿಸಿದ ಹಾಗೆ ಕೆಂಪು ಚುಕ್ಕೆ. "ಇದರಾಗ ಬರೇ ಉಂಗುರ ಕಾಣ್ತಾವ ನೋಡ್ರಿ. ದೊಡ್ಡವು ಬೆರಳಿನ ರಕ್ತದಾಗ ಸಿಗೂದಿಲ್ಲ." ಸಿಗುವುದಾದರೂ ಹೇಗೆ? ದೊಡ್ಡವು ಒಳಗಿನ ನಾಳಗಳಲ್ಲಿ ಅಂಟಿಕೊಂಡು ಕೂತಿರುತ್ತವೆ. ಬೆರಳಿನ ಹನಿಯಲ್ಲಿ ಸಿಗುವುದು ಇನ್ನೂ ಅಂಟು ಬಾರದ ಮರಿಗಳು. ಅದಕ್ಕೇ ಸ್ಲೈಡಿನಲ್ಲಿ ಹುಳ ಕಡಿಮೆ ಕಂಡರೂ ರೋಗಿ ಸೀರಿಯಸ್ ಇರಬಹುದು. ಇನ್ನೊಂದು ಸ್ಲೈಡ್ ಮಲೇರಿಯಾ ತರುವ ಬೇರೊಂದು ರೋಗಾಣು ವೈವ್ಯಾಕ್ಸ್‌ನದು. ಅದರಲ್ಲಿ ಚಿಕ್ಕದು ದೊಡ್ಡದು ಎಲ್ಲ ಇದ್ದವು. ಹಿಡಿದ ಕಣ ಪಕ್ಕದ ಕಣಕ್ಕಿಂತ ಊದಿಕೊಂಡಿತ್ತು, ಮೈತುಂಬ ಗುಲಾಬಿ ಚುಕ್ಕೆ. ಸುಮಾತ್ರಾದಲ್ಲಿದ್ದ ವೈದ್ಯ ಶುಫ್ನರ್ 1899ರಲ್ಲಿ ವರ್ಣಿಸಿದ ಚುಕ್ಕೆಗಳು. ಅವೂ ರೋಗಾಣು ರಕ್ತಕಣದ ಪೊರೆಗೆ ಮಾಡಿದ ರಿಪೇರಿಯೇ. ವೈವ್ಯಾಕ್ಸ್‌ನ ಸಾಗಣೆಯ ಬಗ್ಗೆ ತಿಳಿದದ್ದು ಕಡಿಮೆ. ಫಾಲ್ಸಿಪ್ಯಾರಂ ಅನ್ನು 1976ರಿಂದ ಲ್ಯಾಬಿನ ತಟ್ಟೆಯಲ್ಲಿ ಸಾಕುತ್ತಾರೆ, ವೈವ್ಯಾಕ್ಸ್ ಹಾಗೆ ದೀರ್ಘಕಾಲ ಸಾಕಿಸಿಕೊಳ್ಳುವುದಿಲ್ಲ.

ಈಗ ಕಾರ್ಡಿನ ಇನ್ನೊಂದು ತಕರಾರಿಗೆ ಬರೋಣ. ಅಕ್ಕನ ಮಗನಿಗೆ ಆದದ್ದು ಹುಳ ಇಲ್ಲದೆಯೂ ಗೀಟು. ಇದಕ್ಕಿಂತ ಅಪಾಯ ಹುಳ ಇದ್ದೂ ಗೀಟು ಇಲ್ಲದಿರುವುದು. ಎಚ್‌ಆರ್‌ಪಿ-2 ಜೀನನ್ನೇ ಕಳೆದುಕೊಂಡ ಫಾಲ್ಸಿಪ್ಯಾರಂ ಇದೆ ಅಂತ 2010ರಲ್ಲಿ ಪೆರು ದೇಶದಿಂದ ವರದಿಯಾಯಿತು. ಈ ಪ್ರೋಟೀನ್ ಇಲ್ಲದೆಯೂ ರೋಗಾಣು ಆರಾಮಾಗಿ ಬದುಕುತ್ತೆ. ಬಾಗಿಲಿನ ಹಾಗೆ ಇದು ಪ್ರಾಣಕ್ಕೆ ಬೇಕಾದ್ದಲ್ಲ. ಆಮೇಲೆ ಆಫ್ರಿಕಾದ ಎರಿಟ್ರಿಯಾ, ಇಥಿಯೋಪಿಯಾದಲ್ಲಿ ಇದು ದೊಡ್ಡ ತಲೆನೋವಾಯಿತು. ಎರಿಟ್ರಿಯಾ ಕಾರ್ಡನ್ನೇ ಬದಲಿಸಬೇಕಾಯಿತು. ಭಾರತದ ಕೆಲವು ರಾಜ್ಯಗಳಲ್ಲೂ ಕಡಿಮೆ ಪ್ರಮಾಣದಲ್ಲಿ ಇಂಥವು ಸಿಕ್ಕಿವೆ. ಈ ಕಾರಣದಿಂದ ತಪ್ಪಿಹೋಗುವ ಪ್ರಕರಣ ನೂರಕ್ಕೆ ಐದನ್ನು ದಾಟಿದರೆ ಬೇರೆ ಕಾರ್ಡಿಗೆ ಹೋಗಿ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಇದರಲ್ಲಿ ನಮ್ಮ ಕೈವಾಡವೂ ಇದೆ. ಗೀಟು ಬಂದವರಿಗೆ ಔಷಧಿ, ರೋಗಾಣು ಸತ್ತಿತು. ಗೀಟು ಬಾರದವರಿಗೆ ಪ್ಯಾರಾಸಿಟಮಾಲ್ ಕೊಟ್ಟು ಕಳಿಸಿದೆವು, ರೋಗಾಣು ಸೊಳ್ಳೆ ಹತ್ತಿ ಮುಂದಿನ ಮನೆಗೆ ಹೋಯಿತು. ವರ್ಷಗಟ್ಟಲೆ ಒಂದೇ ಗುರುತು ನೋಡಿ ಹಿಡಿಯುತ್ತಾ ಹೋದರೆ ಆ ಗುರುತು ಇಲ್ಲದವೇ ಉಳಿದು ಹೆಚ್ಚುತ್ತವೆ. ನಮ್ಮ ಸರ್ಕಾರಿ ಮಲೇರಿಯಾ ಕಾರ್ಯಕ್ರಮದ ಕಾರ್ಡಿನಲ್ಲಿ ವೈವ್ಯಾಕ್ಸ್‌ಗೆ ಇರುವ ಗೀಟು ಬೇರೆ. ಅದು ಹುಡುಕುವುದು ಎಲ್‌ಡಿಎಚ್ ಅನ್ನುವ ಕಿಣ್ವವನ್ನು. ರೋಗಾಣು ಸಕ್ಕರೆಯಿಂದ ಶಕ್ತಿ ಪಡೆಯಲು ಬಳಸುವ ಕಿಣ್ವ ಅದು, ರಫ್ತಿನ ಮಾಲಲ್ಲ. ಅದಿಲ್ಲದೆ ರೋಗಾಣು ಬದುಕುವುದು ಕಷ್ಟ, ಸತ್ತರೆ ಬೇಗ ರಕ್ತದಿಂದ ಮಾಯವಾಗುತ್ತೆ. ಹಾಗಾದರೆ ಫಾಲ್ಸಿಪ್ಯಾರಂಗೂ ಅದನ್ನೇ ಹುಡುಕಬಹುದಲ್ಲ? ಅಂಥ ಕಾರ್ಡುಗಳೂ ಇವೆ. ಆದರೆ ಎಚ್‌ಆರ್‌ಪಿ-2ದಷ್ಟು ಸೂಕ್ಷ್ಮವಾಗಿ ಹಿಡಿಯುವುದಿಲ್ಲ. ಬಿಸಿಲಿಗೂ ಅಷ್ಟು ತಾಳುವುದಿಲ್ಲ. ನಮ್ಮ ಕಡೆ ಏಪ್ರಿಲ್ ಮೇ ತಿಂಗಳಲ್ಲಿ ಕಿಟ್ ಇಡುವ ಕೋಣೆಯ ಶೆಕೆ ನೆನೆಸಿಕೊಂಡರೆ ಇದು ಸಣ್ಣ ಮಾತಲ್ಲ.

ಇಷ್ಟೆಲ್ಲ ಗೊತ್ತಾದ ಮೇಲೆ ಔಷಧಿ ಎಲ್ಲಿ ಅಂತ ಕೇಳುವುದು ನ್ಯಾಯ. ಒಂದೇ ಬಾಗಿಲು, ಒಂದೇ ಕತ್ತರಿ. ಎರಡರಲ್ಲಿ ಒಂದನ್ನು ಕಟ್ಟಿಹಾಕಿದರೂ ರೋಗಾಣು ಸಾಯಬೇಕು. ಪ್ಲಾಸ್ಮೆಪ್ಸಿನ್-5ಕ್ಕೆ ಅಡ್ಡಿ ಮಾಡುವ ರಾಸಾಯನಿಕವನ್ನು ಮೆಲ್ಬರ್ನ್‌ನವರು 2014ರಲ್ಲೇ ತೋರಿಸಿದ್ದಾರೆ, ಲ್ಯಾಬಿನಲ್ಲಿ ಅದು ರೋಗಾಣುವನ್ನು ಕೊಂದಿದೆ. ಆದರೆ ಸಾಗಣೆಗೇ ಗುರಿಯಿಟ್ಟ ಮಾತ್ರೆಯಾವುದೂ ಇನ್ನೂ ನಮ್ಮ ದವಾಖಾನೆಯ ಕಪಾಟಿಗೆ ಬಂದಿಲ್ಲ. ಲ್ಯಾಬಿನ ತಟ್ಟೆಗೂ ಮನುಷ್ಯನ ಹೊಟ್ಟೆಗೂ ಮಧ್ಯೆ ದಾರಿ ಉದ್ದ. ಲಸಿಕೆಯ ಕಥೆ ಬೇರೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಒಂದಕ್ಕೆ, 2023ರಲ್ಲಿ ಇನ್ನೊಂದಕ್ಕೆ ಶಿಫಾರಸು ಕೊಟ್ಟಿತು. ಎರಡನೆಯದನ್ನು ತಯಾರಿಸುವುದು ಇಲ್ಲೇ ಪುಣೆಯ ಸೀರಂ ಇನ್‌ಸ್ಟಿಟ್ಯೂಟ್. ಇವೆರಡೂ ಸೊಳ್ಳೆ ಕಚ್ಚಿದಾಗ ಬರುವ ರೋಗಾಣುವನ್ನು ಯಕೃತ್ತು ಸೇರುವ ಮೊದಲೇ ತಡೆಯಲು ಮಾಡಿದವು. ರಕ್ತಕಣದ ಸಾಗಣೆಗೂ ಅವಕ್ಕೂ ಸಂಬಂಧವಿಲ್ಲ. ಮೊದಲು ಆಫ್ರಿಕಾದ ಮಕ್ಕಳಿಗಾಗಿ ಬಂದವು.

ಜಗತ್ತಿನಲ್ಲಿ 2023ರಲ್ಲಿ ಅಂದಾಜು 26.3 ಕೋಟಿ ಮಲೇರಿಯಾ ಪ್ರಕರಣ, 5.97 ಲಕ್ಷ ಸಾವು. ನಮ್ಮ ದೇಶದ ಲೆಕ್ಕ ಇಳಿಯುತ್ತಾ ಬಂದಿದೆ. 2015ರಲ್ಲಿ ದಾಖಲಾದವು 11.69 ಲಕ್ಷ, 2023ರಲ್ಲಿ 2.27 ಲಕ್ಷ. 2027ರ ಹೊತ್ತಿಗೆ ಸ್ಥಳೀಯವಾಗಿ ಹರಡುವ ಮಲೇರಿಯಾ ಸೊನ್ನೆಗೆ ಇಳಿಯಬೇಕು, 2030ಕ್ಕೆ ದೇಶ ಮಲೇರಿಯಾ ಮುಕ್ತ ಆಗಬೇಕು ಅನ್ನುವುದು ಸರ್ಕಾರದ ಗುರಿ. ಕಾಲುವೆಯ ಬಸಿನೀರು, ಹಿನ್ನೀರಿನ ಗುಂಡಿಗಳು ಇರುವ ನಮ್ಮ ಕೃಷ್ಣಾ ತೀರದಲ್ಲಿ ಈ ಜ್ವರ ಹಿಂದೆ ಮನೆಮಾತಾಗಿತ್ತು. ಈಗ ಬರುವುದು ಜಾಸ್ತಿ ಹೊರಗಿನಿಂದ. ಲಾರಿಯಲ್ಲಿ, ಮಂಗಳೂರು ಗೋವಾದ ಕಟ್ಟಡ ಕೆಲಸ ಮುಗಿಸಿ ಬರುವವರ ರಕ್ತದಲ್ಲಿ. ಸೊಳ್ಳೆ ಮಾತ್ರ ಇಲ್ಲೇ ಇದೆ, ಕಾಯ್ತಾ ಇದೆ.

ನನ್ನ ಲೆಕ್ಕದಲ್ಲಿ ಕಷ್ಟ ಈಗಲೇ ಜಾಸ್ತಿ. ಸಾವಿರ ಸ್ಲೈಡ್ ನೋಡಿದರೂ ಒಂದು ಹುಳ ಸಿಗದ ಕಾಲದಲ್ಲಿ ಸ್ಲೈಡ್ ನೋಡುವ ಕಣ್ಣು ಮಂಕಾಗುತ್ತೆ. ಹೇಗೂ ಕಾರ್ಡ್ ಇದೆಯಲ್ಲ ಅನ್ನಿಸುತ್ತೆ. ಕಾರ್ಡ್ ಹೇಳುವುದು ಮಾಲು ಸಿಕ್ಕಿತೋ ಇಲ್ಲವೋ ಅಂತ ಮಾತ್ರ. ಮಾಲು ಕಳಿಸಿದವ ಇದ್ದಾನೋ ಸತ್ತನೋ, ಮಾಲು ಕಳಿಸುವುದನ್ನೇ ಬಿಟ್ಟ ಇನ್ನೊಬ್ಬ ಒಳಗೆ ಕೂತಿದ್ದಾನೋ, ಅದು ಹೇಳುವುದಿಲ್ಲ. ಹಾಗಂತ ಕಾರ್ಡ್ ಬೇಡ ಅನ್ನಲಾರೆ. ರಾತ್ರಿ ಹತ್ತು ಗಂಟೆಗೆ ಹಳ್ಳಿಯಲ್ಲಿ ನಡುಗುತ್ತಿದ್ದ ಹುಡುಗನಿಗೆ ಮೊದಲ ಸಲ ಜೀವ ಉಳಿಸಿದ್ದು ಅದೇ ಕಾರ್ಡು.

ಹೊರಡುವಾಗ ಟೆಕ್ನಿಷಿಯನ್ ಆ ಎರಡು ಸ್ಲೈಡನ್ನು ಎಣ್ಣೆ ಒರೆಸಿ ಮರದ ಡಬ್ಬಿಯಲ್ಲಿ ಇಡುತ್ತಿದ್ದರು. ಇಷ್ಟು ಹಳೆಯವನ್ನು ಯಾಕೆ ಇಟ್ಟುಕೊಂಡಿದ್ದೀರಿ ಅಂತ ಕೇಳಿದೆ.

"ವಾರಕ್ಕೊಮ್ಮೆ ತಗದ ನೋಡ್ತೇನ್ರಿ. ಇಲ್ಲಂದ್ರ ಅದರ ಮಕಾನ ಮರತ ಹೋಗ್ತೈತಿ."